ಮೊಣಕಾಲ ಮಟ್ಟದ ಕರ್ವ್

ಇಂಡಿ ತಂಡದ ಕೋಚ್ ನನ್ನ ಕಡೆಗೆ ಬರುತ್ತಿರುವುದು ಕಂಡ ಕೂಡಲೇ ನಾನು ಬೆನ್ನು ತಿರುಗಿಸಿ ಬಗ್ಗಿದೆ. ಜೇಬಿನಿಂದ ಸಣ್ಣ ಬ್ರಶ್ ತೆಗೆದು ಹೋಮ್ ಪ್ಲೇಟಿನ ಮೇಲಿನ ಮಣ್ಣು ಗುಡಿಸತೊಡಗಿದೆ. ಪ್ಲೇಟಿನ ಮೇಲೆ ಮಣ್ಣೇನೂ ಇರಲಿಲ್ಲ. ಸಿಟ್ಟಿನಲ್ಲಿ ಬರುವವರಿಗೆ ಮುಖ ಕೊಡದಿರಲು ಬೇಸ್‌ಬಾಲ್ ಅಂಪೈರುಗಳು ಮಾಡುವ ಉಪಾಯ ಅದು.

ಅವರು ಬಂದು ನನ್ನ ಬೆನ್ನ ಹಿಂದೆಯೇ ನಿಂತರು. ಇಂಡಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿ ಅದರ ಮೇಲೆ ಕ್ಯಾಪ್ ಹಾಕಿಕೊಳ್ಳುವವರು. ಏರುದನಿಯಲ್ಲಿ ಮಾತಾಡುವವರಲ್ಲ, ಅದೇ ನನಗೆ ಹೆಚ್ಚು ಕಿರಿಕಿರಿ ಮಾಡುತ್ತಿತ್ತು. ಆ ಬಾಲ್ ಎಲ್ಲಿತ್ತು ಎಂದು ಕೇಳಿದರು. ಕೆಳಗಿತ್ತು ಎಂದೆ. ಎಷ್ಟು ಕೆಳಗೆ ಎಂದರು. ಸ್ಟ್ರೈಕು, ಬಾಲಿನ ಬಗ್ಗೆ ವಾದ ಮಾಡುವಂತಿಲ್ಲ, ನಿಮಗೂ ಗೊತ್ತಿದೆ, ಹೋಗಿ ಎಂದೆ.

"ನಾ ವಾದ ಮಾಡಾಕತ್ತಿಲ್ರಿ," ಅಂದರು. "ನೀವು ಅದನ್ನ ನೋಡೇ ಇಲ್ಲ ಅಂತ ಹೇಳಾಕತ್ತೇನಿ."

ಮೈದಾನದಿಂದ ಹೊರಗೆ ಹೋಗುವಂತೆ ಕೈ ತೋರಿಸಿದೆ. ಅವರು ಬೇಲಿಯ ಆಚೆ ಹೋಗಿ ನಿಂತು, ಆಟ ಮುಗಿಯುವ ತನಕ ಅಲ್ಲಿಂದಲೇ ನೋಡಿದರು. ಅವರು ನೋಡಿದ್ದು ಆಟವನ್ನಲ್ಲ, ನನ್ನನ್ನು.

ಅದು ಮುದ್ದೇಬಿಹಾಳದ ಮೈದಾನ. ನಾಲ್ಕು ತಾಲೂಕುಗಳ ಮಹಿಳಾ ತಂಡಗಳು ನಾಲ್ಕು ಭಾನುವಾರ ಒಂದೊಂದು ಊರಿನಲ್ಲಿ ಆಡಬೇಕು, ಮೇಲೆ ಬಂದ ಎರಡು ತಂಡಗಳು ಕೊನೆಯ ಭಾನುವಾರ ಫೈನಲ್ ಆಡಬೇಕು, ಅದರ ಮೇಲೆ ಜಿಲ್ಲಾ ತಂಡದ ಆಯ್ಕೆ ಎಂದು ನಿಶ್ಚಯವಾಗಿತ್ತು. ನಾನು ಸಿಂದಗಿ ತಾಲೂಕಿನ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರ. ಈ ಭಾಗದಲ್ಲಿ ಪ್ಲೇಟಿನ ಹಿಂದೆ ನಿಂತು ತೀರ್ಪು ಕೊಡಬಲ್ಲವರು ಇಬ್ಬರೇ, ನಾನು ಮತ್ತು ಬಾಗೇವಾಡಿಯಲ್ಲಿ ಅರಿವೆ ಅಂಗಡಿ ಇಟ್ಟುಕೊಂಡಿರುವ ನನ್ನ ಜೊತೆಗಾರ. ತನ್ನ ತಾಲೂಕು ಆಡುವಾಗ ಯಾರೂ ಪ್ಲೇಟಿಗೆ ನಿಲ್ಲುವಂತಿಲ್ಲ. ಹಾಗಾಗಿ ಸಿಂದಗಿಯ ಪಂದ್ಯಗಳಿಗೆ ಅವರು, ಉಳಿದವಕ್ಕೆಲ್ಲ ನಾನು. ಸಿಂದಗಿಗೂ ಬಾಗೇವಾಡಿಗೂ ನಡೆದ ಒಂದು ಆಟಕ್ಕೆ ಮಾತ್ರ ಎರಡೂ ತಂಡಗಳ ಒಪ್ಪಿಗೆಯ ಮೇಲೆ ಅವರೇ ನಿಂತಿದ್ದರು.

ಈ ಆಟ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಪಿಚರ್ ಅರವತ್ತು ಅಡಿ ದೂರದಿಂದ ಚೆಂಡು ಎಸೆಯುತ್ತಾಳೆ, ಅದು ಕ್ರಿಕೆಟ್ಟಿನ ಹಾಗೆ ನೆಲಕ್ಕೆ ಪುಟಿಯುವುದಿಲ್ಲ. ಬ್ಯಾಟರ್ ಹೊಡೆಯದೆ ಬಿಟ್ಟರೆ ಆ ಚೆಂಡು ಸರಿಯಿತ್ತೋ ಇಲ್ಲವೋ ಎಂದು ಅಂಪೈರ್ ಹೇಳಬೇಕು. ಬಿಳಿ ರಬ್ಬರಿನ ಹೋಮ್ ಪ್ಲೇಟಿನ ಮೇಲೆ, ಬ್ಯಾಟರಿನ ಮೊಣಕಾಲಿನಿಂದ ಎದೆಯ ನಡುವಿನತನಕದ ಜಾಗದಲ್ಲಿ ದಾಟಿದರೆ ಸ್ಟ್ರೈಕ್. ಇಲ್ಲವಾದರೆ 'ಬಾಲ್'. ಬೀಸಿ ತಪ್ಪಿದರೂ ಸ್ಟ್ರೈಕೇ. ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್, ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ನಾಲ್ಕು ಬಾಲಿಗೆ ಆಕೆಗೆ ಪುಕ್ಕಟೆಯಾಗಿ ಮೊದಲ ಬೇಸ್. ಮೂರೂ ಬೇಸು ಸುತ್ತಿ ಪ್ಲೇಟಿಗೆ ಮರಳಿದರೆ ಒಂದು ರನ್. ಒಂದು ಪಂದ್ಯದಲ್ಲಿ ಇಂಥ ತೀರ್ಪು ನೂರಾರು ಬರುತ್ತವೆ. ಒಂದೊಂದಕ್ಕೂ ಸಿಗುವ ಹೊತ್ತು ಒಮ್ಮೆ ರೆಪ್ಪೆ ಬಡಿಯುವಷ್ಟು.

ಇಂಡಿಯ ಪಿಚರ್ ಇಪ್ಪತ್ತನಾಲ್ಕರ ಹೆಣ್ಣುಮಗಳು. ನಿಂಬೆ ಮಾರುಕಟ್ಟೆಯಲ್ಲಿ ಕಾಯಿ ಆರಿಸುವ ಕೆಲಸ. ಕೈಯಲ್ಲಿ ಮೂರು ಬಗೆಯ ಚೆಂಡು ಇದ್ದವು. ನಾನು ಕೆಳಗಿತ್ತು ಎಂದು ತಳ್ಳಿಹಾಕಿದ್ದು ಮೂರರಲ್ಲೊಂದಾದ, ಕೊನೆಗೆ ಬಾಗಿ ಬೀಳುವ ಕರ್ವ್. ಅದನ್ನು ಸ್ಟ್ರೈಕ್ ಎಂದಿದ್ದರೆ ಬ್ಯಾಟರ್ ಔಟಾಗಿ ಆಟ ಮುಗಿಯುತ್ತಿತ್ತು. ಮುಗಿಯಲಿಲ್ಲ. ಮುಂದಿನ ಚೆಂಡನ್ನು ಮುದ್ದೇಬಿಹಾಳದ ಹುಡುಗಿ ಬೇಲಿಯ ತನಕ ಹೊಡೆದಳು, ಎರಡು ರನ್ ಬಂದವು, ಇಂಡಿ ಒಂದು ರನ್ನಿನಿಂದ ಸೋತಿತು. ನಾನು ಮಾಸ್ಕ್ ಕಳಚಿ ಮುಖ ತೊಳೆದುಕೊಂಡು ಸಿಂದಗಿಯ ಬಸ್ಸು ಹಿಡಿದೆ. ಮನಸ್ಸಿನಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಬುಧವಾರದ ಹೊತ್ತಿಗೆ ಆ ಚೆಂಡಿನ ವಿಡಿಯೋ ನಾಲ್ಕೂ ತಾಲೂಕು ಸುತ್ತಿ ಬಂತು. ಯಾರೋ ಪಕ್ಕದಿಂದ ಮೊಬೈಲಿನಲ್ಲಿ ಹಿಡಿದಿದ್ದರು. ಕೆಳಗೆ ಬರೆದಿದ್ದ ಮಾತುಗಳಲ್ಲಿ ಮರ್ಯಾದೆಯವು ಕಡಿಮೆ. ಸಿಂದಗಿ ಮಾಸ್ತರಗೆ ಚಸ್ಮಾ ಕೊಡಿಸಿ ಎನ್ನುವುದೇ ಅವುಗಳಲ್ಲಿ ಸಭ್ಯವಾದದ್ದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚೆಂಡು ಪ್ಲೇಟಿನ ಮುಂದಿನ ಅಂಚಿಗೆ ಬಂದಾಗ ಬ್ಯಾಟರಿನ ಮೊಣಕಾಲ ಮಟ್ಟದಲ್ಲಿ ಕಾಣುತ್ತಿತ್ತು. ಪ್ಲೇಟಿನ ಹಿಂದೆ ಕೂತು ಹಿಡಿಯುವ ಕ್ಯಾಚರಿನ ಕೈಗವಸಿಗೆ ಬಂದಾಗ ಪಾದದ ಗಂಟಿನ ಹತ್ತಿರ ಇತ್ತು. ಮೊಬೈಲು ಓರೆಯಾಗಿ ಹಿಡಿದಿದ್ದಾರೆ, ಅದಕ್ಕೆ ಹಾಗೆ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನೇ ಪಕ್ಕದಲ್ಲಿ ಕೂತಿದ್ದ ಗಣಿತದ ಮಾಸ್ತರರಿಗೂ ಹೇಳಿದೆ. ಅವರು ಹೌದೌದು ಅಂದರು. ಅವರು ಹೌದೌದು ಅಂದ ರೀತಿ ನನಗೆ ಸೇರಲಿಲ್ಲ.

ಎರಡನೆಯ ಭಾನುವಾರ ನಮ್ಮ ಸಿಂದಗಿಯಲ್ಲೇ ಆಟ, ಇಂಡಿಗೂ ಬಸವನ ಬಾಗೇವಾಡಿಗೂ. ಮೊದಲನೆಯ ಇನಿಂಗ್ಸಿನಲ್ಲಿ ಇಂಡಿಯ ಪಿಚರ್ ಎರಡು ಕರ್ವ್ ಎಸೆದಳು, ಎರಡನ್ನೂ ನಾನು ಬಾಲ್ ಎಂದೆ. ಬಾಗೇವಾಡಿಯ ಕೋಚ್ ಉದ್ದ ಮೀಸೆಯ, ದೊಡ್ಡ ಗಂಟಲಿನ ಮನುಷ್ಯ, ಖಾಸಗಿ ಕಾಲೇಜೊಂದರಲ್ಲಿ ಕೆಲಸ. ಆತ ಬೆಂಚಿನಿಂದ ಎದ್ದು ತನ್ನ ಬ್ಯಾಟರ್‌ಗಳಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಬಾಗಿ ಬರೂ ಬಾಲ್ ಬಿಟ್ಟಬಿಡ್ರಿ. ಸರ ಅದನ್ನ ಕೊಡಂಗಿಲ್ಲ."

ನನ್ನನ್ನು ಕುರುಡ ಅಂದವರಿದ್ದಾರೆ, ಲಂಚ ತಿಂದವ ಅಂದವರಿದ್ದಾರೆ. ಅವೆಲ್ಲ ಬೇಲಿಯ ಆಚೆಗಿನ ಮಾತು. ಇದು ಹಾಗಲ್ಲ. ಒಬ್ಬ ಕೋಚ್ ನನ್ನ ಕಣ್ಣಿನ ದೋಷವನ್ನು ಲೆಕ್ಕಕ್ಕೆ ಹಿಡಿದು ಅದರ ಮೇಲೆ ಆಟ ಕಟ್ಟುತ್ತಿದ್ದ. ಮುಂದಿನ ಕರ್ವನ್ನು ಅವರ ಬ್ಯಾಟರ್ ಭುಜದ ಮೇಲಿನ ಬ್ಯಾಟನ್ನು ಅಲುಗಿಸದೆ ಬಿಟ್ಟಳು. ನನ್ನ ಬಾಯಿಂದ ಬಾಲ್ ಎಂದೇ ಬಂತು. ಆಕೆ ತಿರುಗಿ, ನಗುತ್ತ, "ಥ್ಯಾಂಕ್ಸ್ ರೀ ಸರ" ಅಂದಳು. ಹಿಂದೆ ತಿರುಗಿ ಮಾತಾಡಬೇಡ ಎಂದು ಗದರಿದೆ, ಅದಕ್ಕಿಂತ ಹೆಚ್ಚಿಗೆ ಏನು ಮಾಡಬಹುದಿತ್ತು?

ಮೂರನೆಯ ಇನಿಂಗ್ಸಿನ ನಂತರ ಇಂಡಿಯವರು ಕರ್ವ್ ಎಸೆಯುವುದನ್ನೇ ನಿಲ್ಲಿಸಿದರು. ಉಳಿದದ್ದು ಫಾಸ್ಟ್ ಬಾಲ್ ಮತ್ತು ಅದೇ ಬೀಸಿನಲ್ಲಿ ಸಾವಕಾಶ ಬರುವ ಚೇಂಜ್-ಅಪ್. ಎರಡೂ ಬಾಗಿ ಬರುವಂಥವಲ್ಲ, ಬ್ಯಾಟರ್‌ಗಳಿಗೆ ಕೆಳಗಿನ ಯೋಚನೆ ತಪ್ಪಿತು, ನಿಂತು ಕಾದು ಹೊಡೆಯತೊಡಗಿದರು. ಒಂದರ ಮೇಲೊಂದು ಫಾಸ್ಟ್ ಬಾಲ್ ಎಸೆದು ಎಸೆದು ಐದನೆಯ ಇನಿಂಗ್ಸಿಗೆ ಪಿಚರಿನ ಮೊಣಕೈ ಕೆಳಗೆ ಬೀಳತೊಡಗಿತು. ಇಂಡಿಯ ಬ್ಯಾಟಿಂಗ್ ಚಲೋ ಇತ್ತೆಂದು ಒಂಬತ್ತು-ಎಂಟರಿಂದ ಗೆದ್ದರು, ಪಿಚಿಂಗಿನಿಂದ ಅಲ್ಲ. ಆಟ ಮುಗಿದಾಗ ಅವರ ಕೋಚ್ ನನ್ನ ಎದುರಿನಿಂದಲೇ ಹಾದುಹೋದರು. ಐಸ್ ಕಟ್ಟಿದ ಬಟ್ಟೆಯನ್ನು ಪಿಚರಿನ ಮೊಣಕೈಗೆ ಒತ್ತಿ ಹಿಡಿದುಕೊಂಡು ಟೆಂಪೋ ಹತ್ತಿಸಿದರು.

ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುವಾಗ ನನ್ನ ಜೊತೆಗಾರ ಅಂಪೈರರನ್ನು ಕೇಳಿದೆ. ಅವರು ಆ ದಿನ ಬೇಸಿನ ಹತ್ತಿರ ನಿಂತಿದ್ದರು. ಅಲ್ಲಿಂದ ಸ್ಟ್ರೈಕು ಬಾಲು ಗೊತ್ತಾಗುವುದಿಲ್ಲ ಎಂದು ಮೊದಲು ತಪ್ಪಿಸಿಕೊಂಡರು. ಒತ್ತಾಯ ಮಾಡಿದ ಮೇಲೆ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಬಾಲ್ ಎಲ್ಲಿ ಹೋತು ಅನ್ನೂದು ಗೊತ್ತಿಲ್ರಿ. ಆದ್ರ ಅದು ಕ್ಯಾಚರ್ ಕೈಗೆ ಬರೂದ್ರಾಗ ನೀವು ತೀರ್ಪು ಮುಗಿಸಿರ್ತೀರಿ. ಅದು ಮಾತ್ರ ಕಾಣತೈತಿ," ಅಂದರು. ಇಪ್ಪತ್ತು ವರ್ಷ ಮೈದಾನದಲ್ಲಿ ಕಳೆದವನಿಗೆ ಅಂಗಡಿಕಾರ ಪಾಠ ಹೇಳುವುದು ಬೇಡ ಎಂದು ಖಾರವಾಗಿ ಅಂದುಬಿಟ್ಟೆ. ಅವರು ಚಹಾ ಮುಗಿಸಿ ಎದ್ದು ಹೋದರು. ನನ್ನ ಪರವಾಗಿ ಇದ್ದ ಒಬ್ಬರೂ ಅಲ್ಲಿಗೆ ಮುಗಿದರು.

ಮೂರನೆಯ ಭಾನುವಾರ ಇಂಡಿಯಲ್ಲಿ ಇಂಡಿಗೂ ಸಿಂದಗಿಗೂ ಆಟ. ಪ್ಲೇಟಿಗೆ ಜೊತೆಗಾರ ನಿಂತರು. ನನಗೆ ಕೆಲಸ ಇರಲಿಲ್ಲ, ಆದರೂ ಹೋದೆ. ಪ್ಲೇಟಿನ ಹಿಂದಿನ ಜಾಳಿಗೆಗೆ ಮುಖ ಒತ್ತಿ, ನಮ್ಮ ಹುಡುಗಿಯರು ಸೋಲುವುದನ್ನು ಪೂರ್ತಿ ನೋಡಿದೆ.

ಆ ದಿನ ಕರ್ವ್ ಮೊಣಕಾಲ ಮಟ್ಟದಲ್ಲಿ ದಾಟಿದಾಗಲೆಲ್ಲ ಸ್ಟ್ರೈಕ್ ಸಿಕ್ಕಿತು. ಅದೊಂದೇ ಬದಲಾಗಿದ್ದಕ್ಕೆ ಇಡೀ ಪಿಚರೇ ಬದಲಾದಳು. ಆಕೆಯ ಫಾಸ್ಟ್ ಬಾಲ್ ಅಂಥ ವೇಗದ್ದೇನಲ್ಲ. ಎರಡು ಬೆರಳನ್ನು ಹೊಲಿಗೆಯ ಅಡ್ಡಕ್ಕೆ ಇಟ್ಟು, ಬಿಡುವಾಗ ಬೆರಳ ತುದಿಯಿಂದ ಕೆಳಕ್ಕೆ ಕೆರೆದ ಹಾಗೆ ಬಿಡುತ್ತಾಳೆ. ಚೆಂಡು ಹಿಮ್ಮುಖವಾಗಿ ಸುತ್ತುತ್ತ ಬರುತ್ತದೆ. ಹಾಗೆ ಸುತ್ತುವ ಚೆಂಡು ಬೀಳಬೇಕಾದಷ್ಟು ಬೀಳುವುದಿಲ್ಲ, ಬ್ಯಾಟು ಅದರ ಕೆಳಗೆ ಹೋಗುತ್ತದೆ. ಕರ್ವಿಗೆ ಮಣಿಕಟ್ಟು ತಿರುಗಿಸಿ, ಮುಂದಕ್ಕೆ ಉರುಳುವ ಸುತ್ತು ಕೊಡುತ್ತಾಳೆ. ಅದು ಮೊದಲು ಉಬ್ಬಿದ ಹಾಗೆ ಮೇಲೆದ್ದು, ಪ್ಲೇಟಿನ ಹತ್ತಿರ ಬಂದು ಬಾವಿಗೆ ಬಿದ್ದ ಹಾಗೆ ಬೀಳುತ್ತದೆ. ಚೇಂಜ್-ಅಪ್ಪಿಗೆ ಚೆಂಡನ್ನು ಅಂಗೈಯ ಒಳಗೆ ಹುಗಿದು ಹಿಡಿಯುತ್ತಾಳೆ. ತೋಳು ಫಾಸ್ಟ್ ಬಾಲಿನಷ್ಟೇ ಜೋರಾಗಿ ಬೀಸುತ್ತದೆ, ಚೆಂಡು ಮಾತ್ರ ಸಾವಕಾಶ ಬರುತ್ತದೆ. ಬ್ಯಾಟರ್ ತೋಳು ನೋಡಿ ಬೇಗ ಬೀಸಿಬಿಡುತ್ತಾಳೆ.

ಮೂರೂ ಒಂದೇ ಕೈಯಿಂದ, ಒಂದೇ ಎತ್ತರದಿಂದ, ಒಂದೇ ಬೀಸಿನಲ್ಲಿ ಹೊರಡುತ್ತವೆ. ಯಾವುದು ಎಂದು ಗೊತ್ತಾಗುವ ಮೊದಲೇ ಬ್ಯಾಟು ಎತ್ತಬೇಕು. ಕರ್ವಿನ ಭಯ ಇದ್ದರೆ ಸಾಧಾರಣ ಫಾಸ್ಟ್ ಬಾಲೂ ಸಿಡಿದು ಬಂದ ಹಾಗೆ ಕಾಣುತ್ತದೆ, ಫಾಸ್ಟ್ ಬಾಲಿನ ಭಯ ಇದ್ದರೆ ಚೇಂಜ್-ಅಪ್ ನಡೆಯುತ್ತದೆ. ಪಿಚರಿನ ಬಲ ಯಾವುದೋ ಒಂದು ಚೆಂಡಿನಲ್ಲಿ ಇರುವುದಿಲ್ಲ, ಬ್ಯಾಟರಿನ ಅನುಮಾನದಲ್ಲಿ ಇರುತ್ತದೆ. ಇದೆಲ್ಲ ನನಗೆ ಪುಸ್ತಕದಿಂದ ಗೊತ್ತಿತ್ತು, ತರಬೇತಿಯಲ್ಲಿ ಬೇರೆಯವರಿಗೆ ಹೇಳಿಯೂ ಇದ್ದೆ. ಎರಡು ಪಂದ್ಯ ನಾನು ಮಾಡಿದ್ದು ಒಂದು ಚೆಂಡನ್ನು ತಪ್ಪು ನೋಡಿದ್ದಲ್ಲ, ಆ ಅನುಮಾನವನ್ನೇ ಅಳಿಸಿಹಾಕಿದ್ದು ಎಂಬುದು ನಮ್ಮ ಹುಡುಗಿಯರು ಸಾಲಾಗಿ ಔಟಾಗಿ ಬರುವುದನ್ನು ಕಂಡಾಗ ತಿಳಿಯಿತು. ಇಂಡಿ ಗೆದ್ದು ಫೈನಲ್ಲಿಗೆ ಬಂತು. ಎದುರಾಳಿ ಬಾಗೇವಾಡಿ, ಆಟವೂ ಅವರ ಊರಿನಲ್ಲೇ. ಜೊತೆಗಾರ ಅದೇ ಊರಿನವರು, ಪ್ಲೇಟಿಗೆ ನಾನೇ ನಿಲ್ಲಬೇಕು.

ಮರುದಿನ ರಜೆ ಹಾಕಿ ಮತ್ತೆ ಇಂಡಿಗೆ ಹೋದೆ. ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಅವರ ತಂಡ ಅಭ್ಯಾಸ ಮಾಡುತ್ತಿತ್ತು. ಕೋಚ್ ನನ್ನನ್ನು ನೋಡಿಯೂ ನೋಡದ ಹಾಗೆ ಅರ್ಧ ತಾಸು ಕೆಲಸ ಮುಂದುವರಿಸಿದರು. ನಮ್ಮ ಕಡೆ ಮನೆಗೆ ವೈರಿ ಬಂದರೂ ಒಂದು ತಂಬಿಗೆ ನೀರು ಕೊಡುತ್ತಾರೆ. ಅಲ್ಲಿ ನನಗೆ ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಕೊನೆಗೆ ಹತ್ತಿರ ಬಂದು, ತಪ್ಪಾಯಿತು ಎಂದು ಹೇಳಲು ಬಂದಿದ್ದರೆ ಹೇಳಿ ಹೋಗಿ, ನಮಗೆ ಹೊತ್ತಿಲ್ಲ ಅಂದರು. ಅದಕ್ಕಲ್ಲ, ನಿಮ್ಮ ಪಿಚರ್ ಕರ್ವ್ ಎಸೆಯುವಾಗ ಹಿಂದೆ ನಿಂತು ನೋಡಬೇಕು ಅಂದೆ.

ಅವರು ಪಿಚರಿನ ಕಡೆ ಕೈ ಮಾಡಿದರು. "ಈಕಿಗೆ ಇದ ಕಡೀ ವರ್ಷ ಐತಿ. ಪೊಲೀಸ್ ಭರ್ತಿಗೆ ಆಟಗಾರರ ಕೋಟಾದಾಗ ಅರ್ಜಿ ಹಾಕಬೇಕಂದ್ರ ರಾಜ್ಯ ಮಟ್ಟದಾಗ ಆಡಿರಬೇಕು. ಮುಂದಿನ ವರ್ಷ ವಯಸ್ಸ ದಾಟತೈತಿ. ನೀವು ನೋಡೂದು ಕಲಿಯೂತನಕ ಈಕಿ ಕಾಯಬೇಕೇನ್ರಿ?"

ಉತ್ತರಕ್ಕೆ ಕಾಯದೆ, ಮಾಸ್ಕ್ ಹಾಕಿಕೊಳ್ಳಿ ಅಂದರು.

ಪ್ಲೇಟಿನ ಎರಡೂ ಬದಿಗೆ ಬಿದಿರಿನ ಗಳ ನೆಟ್ಟು, ಮುಂದಿನ ಅಂಚಿನ ನೇರಕ್ಕೆ ಮೊಣಕಾಲ ಎತ್ತರದಲ್ಲಿ ಹೊಲಿಗೆಯ ಕರಿ ದಾರವನ್ನು ಅಡ್ಡ ಕಟ್ಟಿಸಿದರು. ಕ್ಯಾಚರಿನ ಹಿಂದೆ ನಿಂತ ನನಗೆ ದಾರ ಕಾಣುತ್ತಿರಲಿಲ್ಲ. ಅವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಪಿಚರ್ ಎಸೆಯಬೇಕು, ನಾನು ಗಟ್ಟಿಯಾಗಿ ತೀರ್ಪು ಹೇಳಬೇಕು, ಆಮೇಲೆ ಅವರು ಮೇಲೆ ಅಥವಾ ಕೆಳಗೆ ಅಥವಾ ದಾರ ಎಂದು ಹೇಳುತ್ತಾರೆ. ದಾರಕ್ಕೆ ತಾಗಿದರೂ ಸ್ಟ್ರೈಕೇ.

ಫಾಸ್ಟ್ ಬಾಲಿನಲ್ಲಿ ನಾನು ಒಮ್ಮೆಯೂ ತಪ್ಪಲಿಲ್ಲ. ಕರ್ವ್ ಶುರುವಾಯಿತು. ಬಾಲ್ ಅಂದೆ. "ಮ್ಯಾಲ." ಬಾಲ್ ಅಂದೆ. "ಮ್ಯಾಲ." ಮೂರನೆಯದಕ್ಕೆ ದಾರವೇ ಹರಿಯಿತು, ಆ ಚೆಂಡನ್ನೂ ನಾನು ಬಾಲ್ ಎಂದಿದ್ದೆ. ಸುತ್ತ ನಿಂತ ಹುಡುಗಿಯರು ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. ದಾರ ಮತ್ತೆ ಕಟ್ಟಿದರು. ನಡುವೆ ಒಂದು ಫಾಸ್ಟ್ ಬಾಲ್ ಬಂತು, ಕ್ಯಾಚರ್ ಕೈ ಎತ್ತಲಿಲ್ಲ, ಅದು ನೇರವಾಗಿ ನನ್ನ ಹೆಗಲಿಗೆ ಬಡಿಯಿತು. ಪಿಚರ್ ಮುಂದಿನ ಚೆಂಡಿಗೆ ಕೈ ಒಡ್ಡಿ ನಿಂತಳು. ಹೆಗಲು ತಿಕ್ಕಿಕೊಳ್ಳುತ್ತ ನಾನೂ ಸುಮ್ಮನೆ ಬಗ್ಗಿ ನಿಂತೆ.

ಹತ್ತಿಪ್ಪತ್ತು ಚೆಂಡಾದ ಮೇಲೆ ಕೋಚ್ ಎದ್ದು ಬಂದು ಪಿಚರಿನ ಹಿಂದೆ, ನನ್ನ ಮುಖ ಕಾಣುವ ಹಾಗೆ ನಿಂತರು. ಇನ್ನೂ ನಾಲ್ಕು ಚೆಂಡು ಅಲ್ಲಿಂದ ನೋಡಿ ಹೇಳಿದರು:

"ಬಾಲ್ ಇನ್ನೂ ಪ್ಲೇಟಿಗೆ ಬಂದಿರೂದಿಲ್ಲ, ನಿಮ್ಮ ಕಣ್ಣ ಕ್ಯಾಚರ್ ಕೈಗೆ ಓಡಿ ಹೋಗತಾವ."

ಅದು ನಿಜವಾಗಿತ್ತು. ಚೆಂಡು ಹತ್ತಡಿ ದೂರ ಇರುವಾಗಲೇ ಅದು ಎಲ್ಲಿಗೆ ಬರುತ್ತದೆಂದು ಅಂದಾಜು ಮಾಡಿ, ಅದಕ್ಕಿಂತ ಮೊದಲೇ ಹೋಗಿ ಕೈಗವಸಿನ ಹತ್ತಿರ ಕಾಯುವುದು ನನ್ನ ಕಣ್ಣಿಗೆ ರೂಢಿಯಾಗಿತ್ತು. ನೆಟ್ಟಗೆ ಬರುವ ಚೆಂಡಿಗೆ ಅದರಿಂದ ತೊಂದರೆ ಇಲ್ಲ, ಪ್ಲೇಟಿನಲ್ಲಿ ಎಲ್ಲಿತ್ತೋ ಕೈಗವಸಿನಲ್ಲೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಕರ್ವ್ ಆ ನಡುವಿನ ಜಾಗದಲ್ಲೇ ಒಂದಡಿ ಬೀಳುತ್ತದೆ. ನಾನು ಎರಡು ಪಂದ್ಯ ತೀರ್ಪು ಕೊಟ್ಟದ್ದು ಚೆಂಡು ದಾಟಿದ ಜಾಗಕ್ಕಲ್ಲ, ಹಿಡಿದ ಜಾಗಕ್ಕೆ. ಅವರು ಮೊದಲ ದಿನ ಹೇಳಿದ್ದೂ ಅದನ್ನೇ. ನೋಡೇ ಇಲ್ಲ ಅಂದಿದ್ದರು, ಬೈಗುಳ ಎಂದು ತಿಳಿದು ಹೊರಗೆ ಹಾಕಿದ್ದೆ.

ಆ ವಾರ ಮೂರು ಬೆಳಿಗ್ಗೆ ಹೋದೆ. ತಲೆ ಅಲುಗಿಸದೆ ಕಣ್ಣು ಮಾತ್ರ ಚೆಂಡಿನ ಜೊತೆ ತರಬೇಕು. ಅದು ಕೈಗವಸಿನಲ್ಲಿ ಸದ್ದು ಮಾಡಿದ ಮೇಲೆ ಮನಸ್ಸಿನಲ್ಲಿ ಒಂದು ಎಣಿಸಬೇಕು, ಆಮೇಲೆ ಬಾಯಿ ತೆರೆಯಬೇಕು. ಕೇಳಲು ಸುಲಭ. ಇಪ್ಪತ್ತು ವರ್ಷದ ಚಾಳಿ ಪ್ರತಿ ಚೆಂಡಿಗೂ ನನ್ನನ್ನು ಎಳೆಯುತ್ತಿತ್ತು. ಮೂರನೆಯ ದಿನ ಕೊನೆಯ ಮೂವತ್ತು ಕರ್ವಿನಲ್ಲಿ ಎರಡು ತಪ್ಪಿದೆ. ಕೋಚ್ ದಾರ ಬಿಚ್ಚಿ ಉಂಡೆ ಸುತ್ತಿಕೊಂಡರು, ಚಲೋ ಆತು ಅನ್ನಲಿಲ್ಲ. ಪಿಚರ್ ಮೂರೂ ದಿನ ಎಸೆತ ಮುಗಿದ ಕೂಡಲೇ ನಿಂಬೆ ಮಾರುಕಟ್ಟೆಯ ಕೆಲಸಕ್ಕೆ ಹೊರಟುಹೋದಳು.

ಇನ್ನೊಂದು ಸಂಗತಿ ಅಷ್ಟರಲ್ಲಿ ನನ್ನ ಕುತ್ತಿಗೆಗೆ ಬಂದಿತ್ತು. ಫೈನಲ್ಲಿನ ಅಂಪೈರ್ ಒಂದೇ ತಂಡದ ಅಭ್ಯಾಸಕ್ಕೆ ಮೂರು ದಿನ ಹೋಗಿದ್ದಾನೆ. ನಾನೇ ಹೊರಗಿನವನಾಗಿದ್ದರೆ ಅದಕ್ಕೆ ಪಕ್ಷಪಾತ ಎಂದೇ ಹೆಸರಿಡುತ್ತಿದ್ದೆ. ಪಂದ್ಯಾವಳಿಯ ಕಾರ್ಯದರ್ಶಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ, ಬೇರೆ ಅಂಪೈರನ್ನು ಹುಡುಕಿ ಅಂದೆ. ಯಾರೂ ಇಲ್ಲ, ಬಾಯಿ ಮುಚ್ಚಿಕೊಂಡು ನಿಲ್ಲಿ ಅಂದರು. ಬಾಗೇವಾಡಿಯ ಕೋಚಿಗೂ ಫೋನ್ ಮಾಡಿ, ನಿಮ್ಮ ಪಿಚರಿನ ಹಿಂದೆಯೂ ನಿಂತು ನೋಡುತ್ತೇನೆ, ಕರೆಯಿರಿ ಅಂದೆ. ನಮ್ಮ ಹುಡುಗಿಗೆ ಬಾಗುವ ಚೆಂಡು ಬರುವುದಿಲ್ಲ, ನೀವು ಇದ್ದ ಹಾಗೆಯೇ ಚಲೋ ಇದ್ದೀರಿ ಎಂದು ನಕ್ಕು ಫೋನ್ ಇಟ್ಟ. ಇಂಡಿಗೆ ಹೋದ ವಿಷಯ ಹೇಳುವಷ್ಟರಲ್ಲಿ ಲೈನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಫೈನಲ್ ದಿನ ಬೆಳಿಗ್ಗೆ ಜೊತೆಗಾರರನ್ನು ಅವರ ಅಂಗಡಿಯಲ್ಲೇ ಕಂಡೆ. ಚಹಾದಂಗಡಿಯ ಮುಂದೆ ಆಡಿದ ಮಾತಿಗೆ ಮೊದಲು ತಪ್ಪಾಯಿತು ಅಂದೆ. ಆಟಕ್ಕೆ ಮುಂಚೆ ಇಬ್ಬರೂ ಕೋಚುಗಳ ಎದುರು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದಾಗ ಅವರು ಕತ್ತರಿ ಕೆಳಗಿಟ್ಟು ಬೇಡ ಅಂದರು. ಅಂಪೈರ್ ಒಮ್ಮೆ ತಪ್ಪು ಒಪ್ಪಿಕೊಂಡರೆ ಮುಂದಿನ ಪ್ರತಿ ತೀರ್ಪಿಗೂ ಜನ ಮೈಮೇಲೆ ಬರುತ್ತಾರೆ, ಸುಮ್ಮನೆ ಹೋಗಿ ಸರಿಯಾದ ತೀರ್ಪು ಕೊಡಿ, ಸಾಕು ಅಂದರು. ವ್ಯವಹಾರದ ಮಾತಾಗಿ ಅದು ಸರಿ. ಆದರೆ ಬಾಗೇವಾಡಿಯ ಹುಡುಗಿಯರು ಆ ಚೆಂಡನ್ನು ಬಿಡುವುದನ್ನೇ ಎರಡು ವಾರ ಕಲಿತು ಬಂದಿದ್ದರು. ಒಂದೂ ಮಾತು ಹೇಳದೆ ಇವತ್ತು ಅದನ್ನು ಸ್ಟ್ರೈಕ್ ಎಂದರೆ ಅದು ಅವರಿಗೆ ಮಾಡುವ ಮೋಸ.

ಹನ್ನೊಂದಕ್ಕೆ ಪ್ಲೇಟಿನ ಹತ್ತಿರ ಇಬ್ಬರೂ ಕೋಚುಗಳು ಬಂದು ನಿಂತರು. ಮೈದಾನದ ಸುತ್ತ ಊರಿನವರೇ ತುಂಬಿದ್ದರು. ನಾನು ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ, ತೆಗೆಯಲಿಲ್ಲ.

"ಎರಡು ಪಂದ್ಯದಾಗ ಕೆಳಗಿನ ಕರ್ವ್ ಬಾಲ್ ನಾ ತಪ್ಪು ಕೊಟ್ಟೇನಿ. ಈ ವಾರ ಮೂರು ದಿನ ಇಂಡಿಗೆ ಹೋಗಿ ಇವರ ಪಿಚರ್ ಹಿಂದ ನಿಂತು ನೋಡೇನಿ. ಇವತ್ತ ಮೊಣಕಾಲ ಮಟ್ಟಕ್ಕ ದಾಟಿದ್ರ ಅದು ಸ್ಟ್ರೈಕ್. ತಕರಾರ ಇದ್ರ ಈಗ ಬರದು ಕೊಡ್ರಿ."

ಬಾಗೇವಾಡಿಯ ಕೋಚಿನ ಗಂಟಲು ಇಡೀ ಮೈದಾನಕ್ಕೆ ಕೇಳಿತು. ಇಂಡಿಯವರು ನನ್ನನ್ನು ಕೊಂಡುಕೊಂಡಿದ್ದಾರೆ, ಮೂರು ದಿನ ಅಲ್ಲಿ ಉಂಡು ಬಂದಿದ್ದಾನೆ ಎಂದು ಕೂಗಾಡಿದ. ಅಲ್ಲಿ ನೀರೂ ಸಿಕ್ಕಿರಲಿಲ್ಲ, ಅದನ್ನು ಹೇಳಿ ಏನು ಪ್ರಯೋಜನ. ಕಾರ್ಯದರ್ಶಿ ಓಡಿ ಬಂದರು. ಅಂಪೈರ್ ಒಂದು ತಂಡದ ಅಭ್ಯಾಸಕ್ಕೆ ಹೋಗಿದ್ದಾನೆ, ಈ ಆಟ ನಮಗೆ ಒಪ್ಪಿಗೆಯಿಲ್ಲ ಎಂದು ಆತ ಅಲ್ಲೇ ಕಾಗದದಲ್ಲಿ ಬರೆದು, ಆಟ ಮುಗಿದ ಮೇಲೆ ಕೊಡುತ್ತೇನೆ ಎಂದು ಜೇಬಿನಲ್ಲಿ ಇಟ್ಟುಕೊಂಡ. ಇಂಡಿಯ ಕೋಚ್ ತಮ್ಮ ಬೆಂಚಿಗೆ ಹೋದರು.

ಬಾಗೇವಾಡಿಯ ಮೊದಲ ಬ್ಯಾಟರಿಗೆ ಎರಡನೆಯ ಚೆಂಡೇ ಕರ್ವ್. ಆಕೆ ಬಿಟ್ಟಳು. ಚೆಂಡು ಪ್ಲೇಟಿನ ಅಂಚಿನಲ್ಲಿ ಆಕೆಯ ಮೊಣಕಾಲು ಸವರಿದ ಹಾಗೆ ದಾಟಿ ಬಿತ್ತು. ಒಂದು ಎಣಿಸಿದೆ. ಸ್ಟ್ರೈಕ್ ಎಂದು ಕೈ ಎತ್ತಿದೆ. ಮೈದಾನದ ಮೂರು ಕಡೆಯಿಂದ ಎದ್ದ ಕೂಗು ಮುಂದಿನ ಎರಡು ತಾಸು ನಿಲ್ಲಲಿಲ್ಲ. ನನ್ನ ಹೆಸರು, ನಮ್ಮ ತಂದೆಯ ಹೆಸರು, ಸಿಂದಗಿ, ಎಲ್ಲವೂ ಅದರಲ್ಲಿ ಬಂದವು. ಒಂದು ನೀರಿನ ಬಾಟಲಿ ಬಂದು 'ಟಣ್' ಎಂದು ಹಿಂದಿನ ಜಾಳಿಗೆಗೆ ಬಡಿಯಿತು. ಮೂರನೆಯ ಇನಿಂಗ್ಸಿನ ಹೊತ್ತಿಗೆ ಬಾಗೇವಾಡಿಯ ಬ್ಯಾಟರ್‌ಗಳು ಕರ್ವಿಗೂ ಬ್ಯಾಟು ಬೀಸತೊಡಗಿದರು. ಬೀಸತೊಡಗಿದ ಮೇಲೆ ಫಾಸ್ಟ್ ಬಾಲಿಗೆ ತಡವಾದರು, ಚೇಂಜ್-ಅಪ್ಪಿಗೆ ಬೇಗವಾದರು. ಆದರೂ ಗಟ್ಟಿ ತಂಡ, ಒಂದೊಂದೇ ರನ್ ತೆಗೆದು ಬೆನ್ನು ಹತ್ತಿದರು.

ಏಳನೆಯದು ಕೊನೆಯ ಇನಿಂಗ್ಸ್. ಇಂಡಿ ನಾಲ್ಕು, ಬಾಗೇವಾಡಿ ಮೂರು. ಬಾಗೇವಾಡಿಯ ಇಬ್ಬರು ಔಟಾಗಿದ್ದರು, ಮೂರೂ ಬೇಸುಗಳಲ್ಲಿ ಅವರ ಓಟಗಾರ್ತಿಯರಿದ್ದರು. ಬ್ಯಾಟರಿಗೆ ಎರಡು ಸ್ಟ್ರೈಕ್, ಮೂರು ಬಾಲ್. ಇನ್ನೊಂದು ಸ್ಟ್ರೈಕಾದರೆ ಇಂಡಿ ಗೆದ್ದ ಹಾಗೆ, ಬಾಲಾದರೆ ಬ್ಯಾಟರಿಗೆ ಮೊದಲ ಬೇಸ್, ಉಳಿದವರು ಒಂದೊಂದು ಬೇಸು ಮುಂದಕ್ಕೆ, ಮೂರನೆಯ ಬೇಸಿನ ಓಟಗಾರ್ತಿ ನಡೆದುಕೊಂಡು ಬಂದು ಸಮ.

ಪಿಚರ್ ಕರ್ವ್ ಎಸೆದಳು. ಬ್ಯಾಟರ್ ಬೀಸಲಿಲ್ಲ. ಚೆಂಡು ಉಬ್ಬಿ, ಇಳಿದು, ಪ್ಲೇಟಿಗೆ ಬಂತು. ನನ್ನ ಕಣ್ಣು ಅದರ ಜೊತೆಗೇ ಇತ್ತು. ಅಷ್ಟು ಸ್ಪಷ್ಟವಾಗಿ ನಾನು ಆ ಆಟದಲ್ಲಿ ಬೇರೆ ಯಾವ ಚೆಂಡನ್ನೂ ನೋಡಿರಲಿಲ್ಲ. ಅದು ಮೊಣಕಾಲಿಗಿಂತ ಕೆಳಗೆ ದಾಟಿತು. ಹೆಚ್ಚಲ್ಲ, ಒಂದು ಚೆಂಡಿನಷ್ಟು. ಕೈಗವಸಿನಲ್ಲಿ ಸದ್ದಾಯಿತು. ಒಂದು ಎಣಿಸಿದೆ. ಆ ಒಂದು ಎಣಿಸುವುದರೊಳಗೆ ಆಕೆಯ ವಯಸ್ಸು, ಪೊಲೀಸ್ ಭರ್ತಿ, ಮುದ್ದೇಬಿಹಾಳ ಎಲ್ಲವೂ ತಲೆಯಲ್ಲಿ ಹಾದುಹೋದವು. ಹಳೆಯ ತಪ್ಪನ್ನು ತೀರಿಸಿಕೊಳ್ಳಬಹುದಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬಾಲ್," ಅಂದೆ.

ಮೈದಾನ ಕುಣಿಯಿತು. ಓಟಗಾರ್ತಿ ನಡೆದು ಬಂದು ಪ್ಲೇಟು ತುಳಿದಳು. ಇಂಡಿಯ ಕೋಚ್ ಬೆಂಚಿನಿಂದ ಎದ್ದು ನನ್ನ ಕಡೆಗೆ ಬಂದರು. ಈ ಸಲ ನಾನು ಬ್ರಶ್ ತೆಗೆಯಲಿಲ್ಲ, ಅವರಿಗೆ ಎದುರಾಗಿ ನಿಂತೆ. ಅವರು ಬಾಯಿ ತೆರೆಯುವ ಮೊದಲು ಪಿಚರ್ ಹತ್ತಿರ ಬಂದಿದ್ದಳು. ನನ್ನ ಕಡೆ ನೋಡದೆ ಅವರಿಗೆ ಹೇಳಿದಳು.

"ಕೆಳಗಿತ್ರಿ ಅಕ್ಕೋರ."

ಕೋಚ್ ಆಕೆಯನ್ನು ನೋಡಿದರು. ಕ್ಯಾಚರಿನಿಂದ ಚೆಂಡು ತೆಗೆದುಕೊಂಡು ಆಕೆಯ ಕೈಗೆ ಕೊಟ್ಟು ತಿರುಗಿ ಹೋದರು. ಮುಂದಿನ ಬ್ಯಾಟರ್ ಮೊದಲನೆಯ ಫಾಸ್ಟ್ ಬಾಲನ್ನೇ ಇಬ್ಬರು ಫೀಲ್ಡರುಗಳ ನಡುವೆ ನೆಲಕ್ಕೆ ತಾಗಿದ ಹಾಗೆ ಹೊಡೆದಳು, ಇನ್ನೊಬ್ಬ ಓಟಗಾರ್ತಿ ಪ್ಲೇಟಿಗೆ ಓಡಿ ಬಂದಳು. ಬಾಗೇವಾಡಿ ಐದು-ನಾಲ್ಕರಿಂದ ಗೆದ್ದಿತು.

ನಾನು ಮಾಸ್ಕ್ ಕಳಚುತ್ತಿದ್ದಾಗ ಬಾಗೇವಾಡಿಯ ಕೋಚ್ ಕೈ ಚಾಚಿಕೊಂಡು ಬಂದ. ಮೈಮೇಲೆಲ್ಲ ಗುಲಾಲು. ನೀವು ಮರದ ಹಾಗೆ ಗಟ್ಟಿ ನಿಂತಿರಿ ಸರ್, ನಿಮ್ಮಂಥ ಅಂಪೈರ್ ಜಿಲ್ಲೆಯಲ್ಲೇ ಇಲ್ಲ ಅಂದ. ಜೇಬಿನಿಂದ ಬೆಳಗಿನ ಕಾಗದ ತೆಗೆದು ಹರಿಯಲು ಹೋದ. ನಾನು ಕೈ ಮಿಲಾಯಿಸಲಿಲ್ಲ, ಆ ಕಾಗದ ಕೊಡಿ ಅಂದೆ. ಗೆದ್ದ ಮೇಲೆ ದೂರು ಯಾಕೆ ಎಂದು ಆತ ನಕ್ಕ. ಕೊಡಿ ಎಂದು ಮತ್ತೊಮ್ಮೆ ಅಂದೆ. ಕೊಟ್ಟ. ಅದನ್ನು ನನ್ನ ವರದಿಯ ಜೊತೆ ಪಿನ್ ಮಾಡಿ ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟೆ. ಅವರು ಓದಿ, ಇದು ನಿಮ್ಮ ಮೇಲಿನ ದೂರು, ನೀವೇ ಯಾಕೆ ಕೊಡುತ್ತೀರಿ ಎಂದು ಕೇಳಿದರು. ಅದರಲ್ಲಿ ಬರೆದದ್ದು ಖರೆ ಇದೆ ಅಂದೆ.

ಖರೆ ಇದ್ದುದರಿಂದಲೇ ಸಮಿತಿ ಒಂದು ವರ್ಷ ನನ್ನನ್ನು ಪ್ಲೇಟಿನಿಂದ ತೆಗೆಯಿತು, ಬೇಸುಗಳಿಗೆ ಮಾತ್ರ ನಿಲ್ಲಬಹುದು ಎಂದಿತು. ಇಂಡಿಯ ಪಿಚರ್ ಸೋತರೂ ಆಯ್ಕೆದಾರರ ಪಟ್ಟಿಯಲ್ಲಿ ಬಂದಳು. ಜಿಲ್ಲಾ ತಂಡದಲ್ಲಿ ರಾಜ್ಯ ಪಂದ್ಯ ಆಡಿ, ಅರ್ಜಿ ಹಾಕಿದ್ದಾಳೆಂದು ಕೇಳಿದ್ದೇನೆ. ಮುಂದಿನದು ಗೊತ್ತಿಲ್ಲ.

ಇಂಡಿಯ ಕೋಚ್ ರಾಜ್ಯ ಪಂದ್ಯಕ್ಕೆ ಮುಂಚೆ ಜಿಲ್ಲಾ ತಂಡದ ಅಭ್ಯಾಸ ಪಂದ್ಯದ ದಿನ ಸಿಕ್ಕರು. ನಾನು ಮೊದಲ ಬೇಸಿನ ಹತ್ತಿರ ನಿಂತಿದ್ದೆ. ಆಟದ ನಡುವಿನ ಬಿಡುವಿನಲ್ಲಿ ಅವರು ಮೈದಾನ ದಾಟಿ ನನ್ನ ತನಕ ನಡೆದು ಬಂದರು.

"ಫೈನಲ್‌ದಾಗ, ನಾಕನೇ ಇನಿಂಗ್ಸಿಗೆ, ಹೊರಗಿನ ಅಂಚಿನ ಫಾಸ್ಟ್ ಬಾಲ್ ಒಂದು ನೀವು ಬಾಲ್ ಅಂದ್ರಿ," ಅಂದರು. "ಅದು ಸ್ಟ್ರೈಕ್ ಇತ್ತು."

ಯಾವ ಚೆಂಡು ಎಂದು ನನಗೆ ಕೂಡಲೇ ನೆನಪಾಯಿತು. ಪ್ಲೇಟಿನ ಅಂಚಿಗಿಂತ ಎರಡು ಬೆರಳು ಹೊರಗಿತ್ತು ಅಂದೆ.

"ಒಂದು ಬೆರಳು."

"ಎರಡು," ಅಂದೆ.

ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಸಿಟ್ಟಿನಿಂದಲೇ ತಮ್ಮ ಬೆಂಚಿಗೆ ಹೋಗಿ ಕೂತರು.